ಕೋಲು ಮೇಲೆ, ನಾನು ಕೆಳಗೆ

ನಂಜನಗೂಡು
೧೮-೧೧-೨೦೨೪

ಪ್ರೀತಿಯ ಚೈತ್ರ,

ನಾನು ಕ್ಷೇಮ ಎಂದೇ ಶುರು ಮಾಡಬೇಕಲ್ಲ, ಮಾಡಿದ್ದೇನೆ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲವೆಂದು ಮುನಿಸಿಕೊಳ್ಳಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ವಾಟ್ಸಾಪ್ ತೆರೆದರೆ ಅದೇ ವಿಡಿಯೊ. ಅದಕ್ಕೇ ಕಾಲೇಜಿನ ರಜೆಗಳಲ್ಲಿ ಬರೆಯುತ್ತಿದ್ದ ಹಾಗೆ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ನರಸೀಪುರದ ಟಾಕೀಸಿನಲ್ಲಿ ನೀನು, ನಿಮ್ಮಣ್ಣ ಹೇಮಂತ್, ನಾನು ಆ ಸಿನಿಮಾ ನೋಡಿದೆವಲ್ಲ, ಕೋಲು ಹಿಡಿದ ಹೀರೋಯಿನ್ನಿನದು. ಎಷ್ಟು ನಕ್ಕಿದ್ದೆ. ನನ್ನ ಹಾಗೇ ಪೋಲಿಯೊ ಕಾಲು, ಕಂಕುಳಲ್ಲಿ ಕೋಲು, ಆದರೂ ಅಳುಬುರುಕಿ ಅಲ್ಲ. ಲಿಪ್‌ಸ್ಟಿಕ್ ಹಚ್ಚುತ್ತಾಳೆ, ಹೀರೋಗೆ ಬಾಯಿಗೆ ಬಂದಂತೆ ಬೈಯುತ್ತಾಳೆ. ನನ್ನಂಥವಳಿಗೂ ಒಂದು ಲವ್ ಸ್ಟೋರಿ ಬರೆದರಲ್ಲ ಎಂದು ಖುಷಿಯಾಗಿತ್ತು. ಚೆನ್ನಾಗಿ ನಡೆಯುವ ಆ ನಟಿ ಕೋಲನ್ನು ತಪ್ಪು ಕಡೆ ಹಿಡಿದಿದ್ದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೆ. ಕೊನೆಯ ಹಾಡಿನಲ್ಲಿ ಹೀರೋ ಅವಳನ್ನು ಎತ್ತಿಕೊಂಡು ನದಿಗಿಳಿದು, 'ಇನ್ನು ಇದ್ಯಾಕೆ, ನಾನಿಲ್ವಾ?' ಎಂದು ಕೋಲನ್ನು ನೀರಿಗೆಸೆದ. ಟಾಕೀಸಿನ ತುಂಬಾ ಶಿಳ್ಳೆ.

ಕವಲಂದೆಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ಬಸವಯ್ಯನವರ ಮಗ ಮದನ್ ಕೂಡ ಅದನ್ನು ನೋಡಿ, ಮದುವೆ ಅಂತಾದರೆ ಇಂಥ ಹುಡುಗಿಯನ್ನೇ ಆಗುತ್ತೇನೆ ಎಂದು ಹಟ ಹಿಡಿದನಂತೆ. 'ಇಂಥ' ಎಂದರೆ ನಾನು. ಹೋದ ಸೋಮವಾರ ನೋಡಲು ಬಂದರು. ನನ್ನ ಓದು, ಕೆಲಸ ಏನೂ ಕೇಳಲಿಲ್ಲ. ದೇವಸ್ಥಾನಕ್ಕೆ ಹೋಗಿಬರೋಣವೆಂದರು. ದರ್ಶನ ಮುಗಿಸಿ ಕಪಿಲೆಯ ಸ್ನಾನಘಟ್ಟಕ್ಕೆ ಬಂದಾಗ, ಒಂದು ಮಾತೂ ಕೇಳದೆ, ಎಲ್ಲರೆದುರಿಗೆ ನನ್ನನ್ನು ಎತ್ತಿಕೊಂಡುಬಿಟ್ಟ. ಅವನ ತಮ್ಮ ನಂಜೇಶನ ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ನನ್ನ ಕೋಲು. 'ಇಳಿಸ್ರಿ, ಇಳಿಸ್ರಿ' ಎಂದೆ. ಇಳಿಸಿದ, ಕೊನೆಯ ಮೆಟ್ಟಿಲಿನಲ್ಲಿ. ಆಮೇಲೆ ವಿಡಿಯೊ ಹಾಕಲು ಸಿಗ್ನಲ್ ಹುಡುಕಿಕೊಂಡು ಅಣ್ಣತಮ್ಮ ಇಬ್ಬರೂ ಮೇಲೆ ಹೋದರು. ಕೋಲೂ ಅವರ ಜೊತೆ ಹೋಯಿತು. ಅವರು ಬರುವ ತನಕ ಸೀರೆಯ ನೆರಿಗೆ ಒದ್ದೆ ಮಾಡಿಕೊಂಡು ಅಲ್ಲೇ ಕೂತಿದ್ದೆ.

ವಿಡಿಯೊಗೆ ಆ ಸಿನಿಮಾದ ಹಾಡು ಹಾಕಿದ್ದಾರೆ. ನನ್ನ 'ಇಳಿಸ್ರಿ' ಕೇಳಿಸುವುದಿಲ್ಲ. ತುಟಿ ಆಡುತ್ತದೆ ಅಷ್ಟೆ, ನೋಡಿದವರು ನಾಚಿಕೆ ಅಂದುಕೊಳ್ಳುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ನನ್ನ ಕೌಂಟರಿಗೆ ಪಹಣಿ ತೆಗೆಸಲು ಬಂದ ತಗಡೂರಿನ ರಂಗನಾಯಕ, 'ಈರೋಯಿನ್ ಮೇಡಮ್ಮೋರೇ, ಮದ್ವೆ ಊಟ ಯಾವಾಗ?' ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಈ ಸಂಬಂಧ ಬೇಡ ಎಂದರೆ ಅಮ್ಮ, 'ಊರೆಲ್ಲಾ ನೋಡ್ಬುಟ್ಟದೆ ಕಣವ್ವಾ. ಅಂತಾ ದೊಡ್ ಮನಸಿನ ಉಡ್ಗನ್ನ ಬ್ಯಾಡ ಅಂದ್ರೆ ಜನ ಯಾರ್ಗೆ ಉಗೀತಾರೆ? ಅವ್ನಿಗಾ, ನಿಂಗಾ?' ಎನ್ನುತ್ತಾಳೆ. ನನಗೇ, ಗೊತ್ತು. ಮದನ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೇಡ ಅನ್ನುವುದು ಸುಲಭವಿತ್ತು. ಬರುವ ಭಾನುವಾರ ತಾಂಬೂಲ ಬದಲಾಯಿಸುತ್ತಾರೆ.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮಂಡಿನೋವಿನಿಂದ ಅವರೂ ಈಗ ಗೋಡೆ ಹಿಡಿದು ಮನೆ ಮೆಟ್ಟಿಲು ಹತ್ತುತ್ತಾರೆ ಎಂದಿದ್ದೆಯಲ್ಲ, ಬೇಗ ವಾಸಿಯಾಗಲಿ. ನಂಜುಂಡೇಶ್ವರ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ
ಶಿವಾನಿ

ಇದೊಂದು ಬಿಟ್ಟುಹೋಗಿತ್ತು: ಕೋಲು ನೀರಿಗೆ ಬಿದ್ದು ಎಲ್ಲರೂ ಶಿಳ್ಳೆ ಹೊಡೆಯುತ್ತಿದ್ದಾಗ ನಿಮ್ಮಣ್ಣ ನನ್ನ ಕಡೆ ಬಗ್ಗಿ, 'ಅಲ್ಲಾ, ಬೆಳಗ್ಗೆ ಎದ್ದು ಅವ್ಳು ಬಚ್ಚಲಿಗೆ ಹೆಂಗ್ ಹೋಯ್ತಾಳೆ?' ಎಂದರು. ನನ್ನ ಮನಸ್ಸು ಅವರ ಕಡೆ ಹೋಗಿದ್ದು ಆಗಲೇ. ಬಸ್ ಸ್ಟ್ಯಾಂಡಿನಲ್ಲಿ ನಿನಗೆ ಹೇಳಿಯೂ ಹೇಳಿದೆ. 'ನಮ್ಮನೇಗೆ ಮೆಟ್ಲು ಜಾಸ್ತಿ ಕಣೇ' ಎಂದು ನೀನು ನಕ್ಕೆ. ನಾನೂ ನಕ್ಕೆ. ಕಾಲೇಜಿನ ದಿನಗಳಿಂದ ಆ ಮೆಟ್ಟಿಲು ಹತ್ತಿಕೊಂಡೇ ನಿಮ್ಮ ಮನೆಗೆ ಬರುತ್ತಿದ್ದೇನಲ್ಲ ಚೈತ್ರ, ಯಾವತ್ತಾದರೂ ಎತ್ತಿಕೊಳ್ಳಿ ಅಂದಿದ್ದೇನಾ?