ಮೆಟ್ಟಿಲ ತಿರುವಿನ ಕುರ್ಚಿ

ಭಾನುವಾರ, ಮಧ್ಯಾಹ್ನ

ಪುಟ್ಟೀ,

ಅಮ್ಮನಿಂದ ಕಾಗದ ಬಂತೆಂದು ಗಾಬರಿಯಾಗಬೇಡ. ಕೈಕಾಲು ಎಲ್ಲ ನೆಟ್ಟಗಿವೆ. ನೆಟ್ಟಗಿರುವುದೇ ಈಗ ತಾಪತ್ರಯ.

ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ಈ ಮನೆಯ ಮಾತೆತ್ತಿದರೆ ಸಾಕು, "ಆಮೇಲೆ ಮಾತಾಡೋಣಮ್ಮ, ಪಕ್ಕದಲ್ಲಿ ಜನ ಇದ್ದಾರೆ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಕೊನೆಯವರೆಗೆ ಓದು.

ನೆಲಮಹಡಿಯ ಈ ಸರ್ಕಾರಿ ಮನೆ ಸಿಕ್ಕಾಗ ನನ್ನಷ್ಟು ಹಿಗ್ಗಿದವರು ಯಾರೂ ಇರಲಿಲ್ಲ. ಬಾಗಿಲ ಮುಂದೆ ಚಾಪೆಯಷ್ಟು ಅಗಲದ ಮಣ್ಣು, ಅದರಲ್ಲಿ ನಿನ್ನ ಮಗಳು ಆಡಬೇಕು, ನಾನು ಹೊಸ್ತಿಲಲ್ಲಿ ಕೂತು ನೋಡಬೇಕು. ಆಸೆ ಅಷ್ಟೇ. ಅದಕ್ಕಾಗಿ ವರ್ಷವಿಡೀ ನಿನ್ನ ತಲೆ ತಿಂದವಳು ನಾನೇ. ವಸತಿ ಕಚೇರಿಯಲ್ಲೇ ಕೆಲಸಕ್ಕಿದ್ದೂ ಹೆತ್ತವಳಿಗೆ ಇಷ್ಟು ಮಾಡಲಾರೆಯಾ ಎಂದು ಮುಖ ಊದಿಸಿಕೊಂಡವಳೂ ನಾನೇ.

ಕೊನೆಗೆ ನೀನು ಉಪಾಯ ಹೇಳಿಕೊಟ್ಟೆ. ಖಾಲಿಯಾದ ಒಂದು ಮನೆಗೆ ಇಬ್ಬರು ಕಾದಿದ್ದರೆ, ಯಾರಿಗೆ ಕೊಡಬೇಕೆಂಬುದು ಮನೆಗೆ ಬಂದು ನೋಡುವವರ ವಿವೇಚನೆಗೆ ಬಿಟ್ಟದ್ದು, ಅವರು ಕಣ್ಣಿಗೆ ಕಂಡದ್ದನ್ನೇ ನಂಬುತ್ತಾರೆ ಎಂದೆ. ಬಟ್ಟೆ ಮಡಿಸಬೇಡ, ಪಾತ್ರೆ ತೊಳೆಯಬೇಡ, ಮೆಟ್ಟಿಲಲ್ಲಿ ಎರಡು ಕಡೆ ಕೂತುಕೋ ಎಂದೆ. ನಾನು ಆ ಹಳೇ ಮಹಡಿ ಮನೆಯ ಮೆಟ್ಟಿಲಲ್ಲಿ ಮೂರು ಕಡೆ ಕೂತೆ. ಪಾಪ, ಆ ಕನ್ನಡಕದವರು ನನ್ನ ಕೈ ಹಿಡಿದು, "ನಿಧಾನ ಅಮ್ಮ, ಅವಸರ ಏನಿಲ್ಲ" ಅಂದರು. ಅವರು ಹೋದ ಮೇಲೆ ನಾವಿಬ್ಬರೂ ಫೋನಿನಲ್ಲಿ ಎಷ್ಟು ನಕ್ಕೆವು! ಆ ನಗು ನೆನೆದರೆ ಈಗ ಮೈ ಹಿಡಿಯಾಗುತ್ತದೆ. ಕಾದಿದ್ದ ಇನ್ನೊಬ್ಬರು ಯಾರೆಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

ಆ ಇನ್ನೊಬ್ಬರು ಇದೇ ಕಟ್ಟಡದ ಮೂರನೆಯ ಮಹಡಿಯವರು. ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಗಂಡ ಬಸ್ಸು ಓಡಿಸುತ್ತಿದ್ದವನು, ಈಗ ಸೊಂಟದ ಕೆಳಗೆ ಸ್ವಾಧೀನವಿಲ್ಲ. ದಿಂಬಿನ ಚೀಲ ಹೊಲಿಸಲು ಹೊರಟ ದಿನ, ಕೋಲೂರಿ ಸುಳ್ಳುಸುಳ್ಳೇ ಕಾಲೆಳೆಯುತ್ತಿದ್ದ ನನ್ನನ್ನು ಅವಳು ಮೇಲಿನಿಂದ ನೋಡಿ, ಓಡಿ ಬಂದು ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಹಾಕಿದಳು. ಅಂದಿನಿಂದ ಅದು ಅಲ್ಲೇ ಇದೆ, ನನಗಾಗಿ. ಅವಳು ಹೊಲಿಯಲು ಕೂರುತ್ತಿದ್ದ ಕುರ್ಚಿಯೇ ಅದು. ಈಗ ಹಳೇ ಪೆಟ್ಟಿಗೆಯ ಮೇಲೆ ಕೂತು ಹೊಲಿಯುತ್ತಾಳೆ.

ಅವಳೇ ಹೇಳಿದ್ದನ್ನು ಕೇಳು. ಕಚೇರಿಯವರು ನೋಡಲು ಬರುತ್ತಾರೆಂದು ಮನೆಯೆಲ್ಲ ಒರೆಸಿ, ಗಂಡನಿಗೆ ಇಸ್ತ್ರಿ ಅಂಗಿ ತೊಡಿಸಿ, ತಲೆ ಬಾಚಿ, ಕಿಟಕಿಯ ಪಕ್ಕ ಕೂರಿಸಿದ್ದಳಂತೆ. ಹೇಗಿದ್ದೀರಿ ಎಂದರೆ ಆ ಮಹಾರಾಯ, "ನಮಗೇನು ಸಾರ್, ಚೆನ್ನಾಗೇ ಇದೀವಿ" ಅಂದು ಚಹಾ ಕುಡಿಸಿ ಕಳಿಸಿದನಂತೆ. ಕನ್ನಡಕದವರು ಅಲ್ಲೂ ಕಂಡದ್ದನ್ನೇ ನಂಬಿದರು. "ಸ್ವಲ್ಪ ಗಲೀಜಾಗೇ ಬಿಟ್ಟಿರಬೇಕಿತ್ತು ಅಕ್ಕ, ನನಗೇ ಬುದ್ಧಿ ಇಲ್ಲ" ಎಂದು ನಕ್ಕಳು. ಆಮೇಲೆ, "ಹೋಗಲಿ ಬಿಡಿ, ನಿಮ್ಮಂಥವರಿಗೇ ಸಿಕ್ತಲ್ಲ. ನಿಮ್ಮ ಕಾಲು ನೋಡೋಕಾಗಲ್ಲ" ಅಂದಳು. ಪುಟ್ಟೀ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನು ಕೆಳಗಿಳಿದು ಯಾವ ಕಾಲವಾಯಿತೋ. ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿದರೆ, ಗೇರು ಹಾಕೋಕೆ ಬರಲ್ಲ ಇವನಿಗೆ ಎಂದು ಕಿಟಕಿಯಿಂದಲೇ ಬೈಯುತ್ತಾನೆ. ಅವನ ಗಾಲಿಕುರ್ಚಿ ಇಳಿಯಬಹುದಾದ ಬಾಗಿಲು ನನ್ನದು. ನಾನು ಅಲ್ಲಿ ಕೊತ್ತಂಬರಿ ಬಿತ್ತಿದ್ದೇನೆ.

ಎರಡೂ ಮನೆಯವರು ಒಪ್ಪಿದರೆ ಮನೆ ಅದಲುಬದಲು ಮಾಡಿಕೊಳ್ಳಬಹುದು, ಅದಕ್ಕೆ ಯಾರ ವಿವೇಚನೆಯೂ ಬೇಡ ಎಂದು ಒಮ್ಮೆ ನೀನೇ ಹೇಳಿದ್ದೆ. ಆದರೆ ಮೆಟ್ಟಿಲು ಹತ್ತಲಾರದ ಮುದುಕಿ ಮೂರನೆಯ ಮಹಡಿ ಕೇಳಿದರೆ ನಿನ್ನ ಕಚೇರಿ ಸುಮ್ಮನಿದ್ದೀತೇ? ನಿನ್ನ ಕೆಲಸಕ್ಕೇ ಕುತ್ತು ಬರಬಹುದು. ಅದು ಗೊತ್ತಿದ್ದೇ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇನ್ನು ನನ್ನ ಕೈಲಾಗದು. ಮುಂದಿನ ವಾರ ಅರ್ಜಿ ಹಿಡಿದು ಬರುತ್ತೇನೆ. ಅದಕ್ಕೂ ಮೊದಲು ನೀನೇ ಆ ಕನ್ನಡಕದವರ ಮುಂದೆ ಹೋಗಿ ಹೇಳಿಬಿಡು. ಅಮ್ಮ ಕಾಡಿದಳು ಅನ್ನು, ಹಟ ಹಿಡಿದಳು ಅನ್ನು, ಸುಳ್ಳೇನೂ ಅಲ್ಲವಲ್ಲ. ಪೆನ್ಸಿಲು ಕದ್ದು ತಂದದ್ದಕ್ಕೆ ಚಿಕ್ಕಂದಿನಲ್ಲಿ ನಿನ್ನನ್ನು ಶಾಲೆಗೆ ವಾಪಸು ಕಳಿಸಿದವಳು ನಾನು. ಈ ವಯಸ್ಸಿನಲ್ಲಿ ನಿನ್ನಿಂದ ಇಂಥ ಕೆಲಸ ಮಾಡಿಸಿದೆನಲ್ಲ, ಅದೇ ಸಂಕಟ. ಹೊಟ್ಟೆಗೆ ಹಾಕಿಕೋ.

ಸಿಟ್ಟು ಬಂದರೆ ಬಂದು ಬೈದು ಹೋಗು. ಬರುವಾಗ ಮಗುವನ್ನು ಕರೆದುಕೊಂಡು ಬಾ.

ನಿನ್ನ
ಅಮ್ಮ

ಇನ್ನೊಂದು ಮಾತು: ನನ್ನನ್ನು ತಡೆಯಲೆಂದು ಓಡಿ ಬರಬೇಡ. ಮೇಲಿನದನ್ನೆಲ್ಲ ಬರೆದಿಟ್ಟು, ಅಂಚೆಗೆ ಹಾಕುವ ಮೊದಲೇ ಅವಳ ಒಪ್ಪಿಗೆ ಕೇಳಲು ಹೋಗಿ ಬಂದೆ. ಕೋಲು ಮನೆಯಲ್ಲೇ ಬಿಟ್ಟು, ಎಲ್ಲೂ ನಿಲ್ಲದೆ, ಕುರ್ಚಿಯನ್ನು ದಾಟಿ ಹತ್ತಿದೆ. ಅವಳು ಬಾಗಿಲಲ್ಲಿ ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವಳು ನನ್ನ ಪಕ್ಕದಿಂದಲೇ ಕೆಳಗಿಳಿದು ಹೋಗಿ, ತಿರುವಿನಲ್ಲಿದ್ದ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಹೋದಳು.