ಗುರುವಯ್ಯನವರು ಸೋತ ಮೇಲೆ

ಮಲ್ಲಂದೂರು,
ಏಪ್ರಿಲ್ 1941

ಚಿರಂಜೀವಿ ಶಂಕರನಿಗೆ ಅಕ್ಕನ ಆಶೀರ್ವಾದ.

ಪುಣೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿನ್ನ ಕಾಗದಕ್ಕೆ ಉತ್ತರಿಸಲು ತಡವಾಯಿತು, ಬೇಸರಿಸಬೇಡ.

ಈ ಸಲದ ಜನರಲ್ ಎಲೆಕ್ಷನ್ನಿಗೆ, ನಿನ್ನ ಭಾವ ಲೆಕ್ಕ ಬರೆಯುವ ರೈಟರಾಗಿರುವ ಎಸ್ಟೇಟಿನ ಧಣಿ ಗುರುವಯ್ಯನವರೇ ನಿಂತಿದ್ದರು. ಪತ್ರಿಕೆಯಲ್ಲಿ ಸಾರ್ವತ್ರಿಕ ಚುನಾವಣೆ ಎಂದಿತ್ತು. ಮನೆಗೆಲಸದ ತಿಮ್ಮಮ್ಮ, "ಅಂದ್ರೆ ಎಲ್ರಿಗೂ ಅಂತಲ್ವ ಅಯ್ಯಾ? ಹಂಗಾದ್ರೆ ನಂಗ್ಯಾಕೆ ವೋಟಿಲ್ಲ?" ಎಂದಳು. ಭಾವ ನಕ್ಕು, "ಎಲ್ಲಾ ಊರಲ್ಲೂ ಒಟ್ಟಿಗೆ ನಡೀತದೆ, ಹಳೇ ಮೆಂಬರ್ರೆಲ್ಲ ಇಳಿದು ಹೊಸಬ್ರನ್ನ ಆರಿಸ್ತಾರೆ, ಅದಕ್ಕೆ ಆ ಹೆಸ್ರು. ವೋಟು ಮಾತ್ರ ಕಂದಾಯ ಕಟ್ಟೋರಿಗೆ, ಓದಿದೋರಿಗೆ" ಎಂದರು. ಅಷ್ಟಕ್ಕೇ ಬಿಡಬಾರದಿತ್ತೇ? ಸಣ್ಣ ತೋಟದವರು ಬಂದು ಯಾರಿಗೆ ವೋಟು ಹಾಕುವುದೆಂದು ಕೇಳಿದಾಗ, "ಧಣಿಗೆ ಹೆದರಬೇಡಿ ಮಾರಾಯ್ರೆ, ಯಾರಿಗೆ ಹಾಕಿದ್ರಿ ಅಂತ ಯಾರಿಗೂ ಗೊತ್ತಾಗಲ್ಲ" ಎಂದುಬಿಟ್ಟರು.

ಗುರುವಯ್ಯನವರು ಸೋತರು.

ಮರುವಾರವೇ ಪೊಲೀಸರು ಬಂದರು. ಸಂಕ್ರಾಂತಿಯ ಮರುದಿನ ಎಸ್ಟೇಟಿನ ಕಾಫಿ ಮೂಟೆ ಕದ್ದು ಸಾಗಿಸಿದರೆಂದು ದೂರಂತೆ. ಉಣ್ಣುತ್ತಿದ್ದವರನ್ನು ಕೈ ತೊಳೆಯಲೂ ಬಿಡದೆ ಎಳೆದೊಯ್ದರು. ಚಿಕ್ಕಮಗಳೂರಿನ ಲಾಕಪ್ಪಿನಲ್ಲಿ ನೋಡಿ ಬಂದೆ. ಮುಖ ಬಾತಿತ್ತು. "ನಾನು ಕದ್ದಿಲ್ಲ, ನೀನಾದ್ರೂ ನಂಬ್ತೀಯಲ್ವ?" ಎಂದು ನನ್ನನ್ನು ಕೇಳಿದರು, ಶಂಕರ. ನನ್ನನ್ನು!

ಧಣಿಗಳ ಅಂಗಳದಲ್ಲಿ ನಿಂತು, "ಎಲೆಕ್ಷನ್ ಮುಗೀತಲ್ಲ, ಅವ್ರನ್ನ ಬಿಡಿಸಿ" ಎಂದು ಅಂಗಲಾಚಿದೆ. "ನಂಗಿನ್ನೂ ಮುಗಿದಿಲ್ಲ, ವಸಂತಮ್ಮ" ಎಂದು ಒಳಗೆ ಹೋದರು. ಅಂದು ಭಾವನ ಮಾತು ಕೇಳಿ ಧೈರ್ಯ ತಂದುಕೊಂಡವರು ಇಂದು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಜಾಮೀನಿಗೆ ಯಾರೂ ಇಲ್ಲ.

ನೀನು ಲಾ ಓದುತ್ತಿರುವವನು. ಬೇಗ ಹೊರಟು ಬಾ. ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ಅಕ್ಕ,
ವಸಂತಮ್ಮ

ಇನ್ನೊಂದು ಮಾತು. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಭಾವ ಮೂಟೆ ಸಾಗಿಸಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿಕೆ ಕೊಟ್ಟಿರುವುದು ನಮ್ಮ ಅಪ್ಪಯ್ಯ. ಹೋಗಿ ಕೇಳಿದೆ. ತಲೆ ಎತ್ತದೆ, "ಶಂಕರನ್ನ ಓದಿಸ್ತಿರೋದು ಧಣಿ ಅಲ್ವೇನೆ" ಎಂದರು. ಸಂಕ್ರಾಂತಿಯ ಮರುದಿನ ಅಪ್ಪಯ್ಯ ಬೀರೂರಿನಲ್ಲಿ ನಿನ್ನನ್ನು ರೈಲು ಹತ್ತಿಸುತ್ತಿದ್ದರು. ಹೆಂಡತಿ ಹೇಳಿದರೆ ಕೋರ್ಟು ನಂಬುವುದಿಲ್ಲ, ನೀನೇ ಹೇಳಬೇಕು. ಹೇಳಿದರೆ ನಿನ್ನ ಓದು ನಿಲ್ಲುತ್ತದೆ, ಅಪ್ಪಯ್ಯ ಜೈಲಿಗೆ ಹೋಗುತ್ತಾರೆ. ಗೊತ್ತಿದ್ದೂ ಕರೆಯುತ್ತಿದ್ದೇನೆ. ಬಾ.