ಬಾಗಿಲಿಲ್ಲದ ಕಾರಿನ ಸೀಟು

ಕೊಪ್ಪ
೧೨-೨-೨೦೨೫, ಬುಧವಾರ

ಪ್ರೀತಿಯ ಮಗಳು ಚೈತ್ರಾ,

ಹೇಗಿದ್ದೀಯ? ಕೈಯ ಬೊಬ್ಬೆ ಒಣಗಿತೇ? ಕತ್ತು ನೋವು ಎಂದಿದ್ದೆ. ಹೆಲ್ಮೆಟ್ಟಿನ ಭಾರಕ್ಕೆ ಹಾಗಾಗುತ್ತದೆ, ಮಲಗುವಾಗ ದಿಂಬು ತೆಗೆದುಬಿಡು. ಕೊಯಮತ್ತೂರಿನ ಊಟ ನಿನಗೆ ಒಗ್ಗುತ್ತದೋ ಇಲ್ಲವೋ ಎಂದು ನಿನ್ನ ಅಮ್ಮ ದಿನಕ್ಕೆ ನಾಲ್ಕು ಸಲ ನನ್ನನ್ನೇ ಕೇಳುತ್ತಾಳೆ, ನಾನೇನೋ ಅಲ್ಲಿ ಪಕ್ಕದ ಎಲೆಯಲ್ಲಿ ಕುಳಿತು ಬಂದವನ ಹಾಗೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಕಟ್ಟಿದ್ದಾಳೆ. ಡ್ರೈವರ್ ಯೋಗೇಶ ಇವತ್ತು ಮಧ್ಯಾಹ್ನ ಹೊರಟು ಪಿಕಪ್ಪಿನಲ್ಲಿ ನಾಲ್ಕು ಟೈರು, ಎರಡು ಜೊತೆ ಬ್ರೇಕ್ ಪ್ಯಾಡು ತರುತ್ತಿದ್ದಾನೆ, ಅದರ ಜೊತೆ ಬರುತ್ತದೆ. ಪ್ಯಾಡಿನ ಡಬ್ಬ ಮೇಲಿಟ್ಟು ಉಪ್ಪಿನಕಾಯಿ ಕೆಳಗೆ ಇಡಿಸಿದ್ದೇನೆ. ಪ್ಯಾಡಿಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ ಎಂದು ನಿನ್ನ ಅಮ್ಮನಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು.

ಫೋನ್ ಇರುವಾಗ ಅಪ್ಪಯ್ಯನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರಿಗೆ ಹಾಕುತ್ತೀಯ. ಒಂದು ಕಡೆಯಿಂದ ಕಾರಿನ ಓನರ್ ಯಜ್ಞೇಶ ಕೆಮ್ಮುತ್ತಾನೆ, ಇನ್ನೊಂದು ಕಡೆಯಿಂದ ಟ್ರ್ಯಾಕಿನ ಎಂಜಿನಿಯರ್, ನಿನ್ನ ಮೋಹಿತ್ ಸರ್ ‘ನಮಸ್ತೆ ಅಂಕಲ್’ ಎನ್ನುತ್ತಾನೆ, ಹಿಂದೆ ಯಾರೋ ಸ್ಪಾನರ್ ಬೀಳಿಸುತ್ತಾರೆ. ಹತ್ತು ಜನರ ನಡುವೆ ಮಗಳ ಹತ್ತಿರ ಮಾತಾಡಲು ನನ್ನಿಂದಾಗದು. ಅಕ್ಷರ ಕೋಳಿಕಾಲು ಆಗಿದ್ದರೆ ಹೊಂದಿಸಿಕೊಂಡು ಓದು.

ಇಲ್ಲಿ ಎಲ್ಲರೂ ಸೌಖ್ಯ. ಊರು ಪೂರ್ತಿ ನಿನ್ನದೇ ಸುದ್ದಿ. ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕಾಫಿ ಕುಡಿಯಲು ಹೋದರೆ, ಮೊದಲು ‘ಗ್ಯಾರೇಜ್ ಸುಬ್ಬಯ್ಯ’ ಎನ್ನುತ್ತಿದ್ದವರು ಈಗ ‘ಚೈತ್ರನ ಅಪ್ಪಯ್ಯ ಬಂದ್ರು, ಜಾಗ ಬಿಡಿ’ ಎನ್ನುತ್ತಾರೆ. ಮೂವತ್ತು ವರ್ಷ ಅವರ ಜೀಪುಗಳ ಕೆಳಗೆ ಮಲಗಿ ಆಯಿಲ್ ಕುಡಿದವನು ನಾನು, ಜಾಗ ಸಿಕ್ಕಿದ್ದು ನಿನ್ನ ಹೆಸರಿನಲ್ಲಿ. ನೀನು ರೇಸ್ ಕಾರು ಓಡಿಸುವ ಬಗ್ಗೆ ಆ ಪೇಪರಿನವನು ಬರೆದದ್ದು ನೋಡಿದೆಯಲ್ಲ? ಅರ್ಧ ಪುಟ ನಿನ್ನ ಫೋಟೋ, ಕೊನೆಯ ಸಾಲಿನಲ್ಲಿ ‘ತಂದೆ ಸುಬ್ಬಯ್ಯ ಸಹಕರಿಸಿದ್ದಾರೆ’. ಸಹಕಾರವಂತೆ! ಆ ಕಾರಿನಲ್ಲಿ ನಾನು ಬಿಚ್ಚಿ ಜೋಡಿಸದ ಒಂದು ಬೋಲ್ಟ್ ಇದ್ದರೆ ಅವನು ತೋರಿಸಲಿ. ನಿನ್ನ ಅಮ್ಮ ಆ ಪುಟವನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಾಳೆ. ಅವಳ ಕತ್ತರಿಗೆ ಕೊನೆಯ ಸಾಲು ಸಿಕ್ಕಿಲ್ಲ.

ಹೇಳಿಬಿಡುತ್ತೇನೆ, ನನಗೆ ಹೊಟ್ಟೆಯುರಿ. ಮೊದಲು ಮೋಹಿತನ ಮೇಲೆ ಎಂದುಕೊಂಡಿದ್ದೆ. ನೀನು ಹೋಗಿ ನಾಲ್ಕು ದಿನ ಆಗಿರಲಿಲ್ಲ, ‘ಮೋಹಿತ್ ಸರ್ ಹಿಂಗೆ ಹೇಳಿದ್ರು, ಮೋಹಿತ್ ಸರ್ ಲ್ಯಾಪ್‌ಟಾಪಲ್ಲಿ ಗ್ರಾಫ್ ತೋರಿಸಿದ್ರು’ ಎಂದು ಶುರು ಮಾಡಿದೆ. ಟೈರಿನ ಗಾಳಿ ಬಿಸಿಯಾದ ಮೇಲೆ ನೋಡಬೇಕು ಎಂದು ಅವನು ಹೇಳಿದನಂತೆ, ಅದು ನಿನಗೆ ದೊಡ್ಡ ಜ್ಞಾನೋದಯವಂತೆ. ಅದನ್ನೇ ನಾನು ನಿನಗೆ ಹೈಸ್ಕೂಲಿನಲ್ಲಿರುವಾಗ ಹೇಳಿದ್ದೆ, ಜಯಪುರದಿಂದ ಬರುವ ದಾರಿಯಲ್ಲಿ, ಜೀಪು ನಿಲ್ಲಿಸಿ, ಟೈರಿನ ಮೇಲೆ ನಿನ್ನ ಕೈ ಇಡಿಸಿ. ಹಿತ್ತಲ ಗಿಡ ಮದ್ದಲ್ಲ, ನಮ್ಮ ಮನೆಯಲ್ಲೂ ಅದೇ ಕಥೆ. ಇರಲಿ, ಅವನು ಕಲಿತವನೇ. ನಿನಗೆ ಒಳ್ಳೆಯದನ್ನೇ ಹೇಳುತ್ತಿದ್ದಾನೆ.

ಆ ಕಾರು ನಮ್ಮ ಶೆಡ್ಡಿಗೆ ಬಂದ ದಿನ ನಿನಗೆ ನೆನಪಿರಬೇಕು. ಶೃಂಗೇರಿಯ ಕಡೆಯ ಕಾಫಿ ತೋಟದ ಹುಡುಗ, ಕೈಯಲ್ಲಿ ದುಡ್ಡು, ತಲೆಯಲ್ಲಿ ಹುಳ, ಅಷ್ಟೇ ನನಗೆ ಯಜ್ಞೇಶನ ಬಗ್ಗೆ ಗೊತ್ತಿದ್ದದ್ದು. ಮಂಗಳೂರಿನಲ್ಲಿ ಯಾರೋ ಕಟ್ಟಲು ಶುರು ಮಾಡಿ ಕೈಬಿಟ್ಟ ಗಾಡಿಯನ್ನು ಎರಡು ಪಿಕಪ್ಪಿನಲ್ಲಿ ತುಂಡು ತುಂಡಾಗಿ ತಂದು ಸುರಿದ. ಪೈಪಿನ ಚೌಕಟ್ಟು, ನಾಲ್ಕು ಚಕ್ರ, ಹಿಂದೆ ಎಂಜಿನ್. ಬಾಗಿಲಿಲ್ಲ, ಮೇಲೆ ಮಾಡೂ ಇಲ್ಲ, ಮುಂದೆ ಗಾಜೂ ಇಲ್ಲ. ಅಡಿಕೆ ಮಂಡಿಯ ಶಿವಶಂಕರಪ್ಪ ಬಂದು ಸುತ್ತು ಹಾಕಿ, ‘ಎಂತ ಮಾರಾಯ ಇದು, ಬಚ್ಚಲ ತೊಟ್ಟಿಗೆ ಚಕ್ರ ಹಾಕ್ದಂಗೆ ಉಂಟಲ್ಲ’ ಎಂದಿದ್ದರು. ನೀನು ನಕ್ಕೆ, ನಾನು ನಗಲಿಲ್ಲ. ಆ ತೊಟ್ಟಿಯನ್ನು ಕಂಡ ಗಳಿಗೆಯಲ್ಲೇ ನನಗೆ ಬೇಕು ಎನಿಸಿತ್ತು. ನಿನ್ನ ಅಮ್ಮನನ್ನು ನೋಡಲು ಹೋದಾಗಲೂ ಅಷ್ಟು ಬೇಗ ಹಾಗೆ ಅನಿಸಿರಲಿಲ್ಲ, ಅವಳಿಗೆ ಇದನ್ನು ಓದಿ ಹೇಳಬೇಡ.

ಒಂಬತ್ತು ತಿಂಗಳು. ಭಾರ ಕಡಿಮೆ ಮಾಡಲು ಬ್ರಾಕೆಟ್ಟುಗಳನ್ನು ತೂತು ಕೊರೆದು ಕೊರೆದು ಹಗುರ ಮಾಡಿದೆವು. ಚಕ್ರಗಳ ನೇರ ನೋಡಲು ಗಾಳದ ನೈಲಾನ್ ದಾರ ಕಟ್ಟಿ, ನೀನು ಆ ತುದಿ ನಾನು ಈ ತುದಿ, ಅರ್ಧ ಮಿಲಿಮೀಟರಿಗೆ ಜಗಳ ಆಡಿದೆವು. ಮುಂದಿನ ಚಕ್ರಗಳ ತಲೆ ಒಳಕ್ಕೆ ಇಷ್ಟು ಬಾಗಿರಬೇಕು ಎಂದು ನೀನು ಪುಸ್ತಕ ನೋಡಿ ಹೇಳಿದ್ದನ್ನು ನಾನು ಒಪ್ಪಲಿಲ್ಲ, ಆಮೇಲೆ ನೀನು ಹೇಳಿದ್ದೇ ಸರಿಯಾಯಿತು. ಅದೂ ನನಗೆ ಉರಿದಿತ್ತು. ಆದರೂ ಅಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಆಮೇಲೆ ಡಿಸೆಂಬರಿನ ಆ ದಿನ. ಎಂಜಿನ್ ಮೊದಲ ಸಲ ಸರಿಯಾಗಿ ಉಸಿರಾಡಿತು. ನಾನು ಸ್ಟೇರಿಂಗಿನ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದ್ದೆ. ಯಜ್ಞೇಶ ಬಂದು ಎರಡು ನಿಮಿಷ ಕೇಳಿಸಿಕೊಂಡು, ನನ್ನ ಮೈಮೇಲಿಂದಲೇ ಬಾಗಿ ನಿನ್ನ ಕಡೆ ನೋಡಿ, ‘ಚೈತ್ರ, ಟ್ರ್ಯಾಕಿಗೆ ನೀನೇ ಓಡ್ಸು. ಕಮ್ಮರಡಿ ಗದ್ದೆ ರೇಸಲ್ಲಿ ನಿನ್ನ ನೋಡಿದೀನಿ’ ಎಂದ. ನೀನು ಕುಣಿದೆ. ನಾನೂ ಚಪ್ಪಾಳೆ ತಟ್ಟಿದೆ. ಕೊಯ್ಲಾದ ಅದೇ ಕಮ್ಮರಡಿ ಗದ್ದೆಯಲ್ಲಿ ತೊಂಬತ್ತನಾಲ್ಕನೇ ಇಸವಿಯಲ್ಲಿ, ಯಾರದೋ ಜೀಪು ಬೇಡಿ ತಂದು ಮೊದಲು ಬಂದವನು ನಾನು. ಆ ಕಪ್ಪಿನಲ್ಲಿ ನಿನ್ನ ಅಮ್ಮ ಈಗ ಹಳೆಯ ಪೆನ್ನು ಹಾಕಿಡುತ್ತಾಳೆ. ಆಮೇಲೆ ಯಾರೂ ನನಗೆ ಓಡಿಸುವ ಸೀಟು ಕೊಡಲಿಲ್ಲ. ಊರಿನವರ ಗಾಡಿ ಸರಿ ಮಾಡಿ ಟ್ರಯಲ್ ನೋಡಿದ್ದೇ ನನ್ನ ರೇಸು, ಅದೂ ಬಸ್ ಸ್ಟ್ಯಾಂಡಿನ ತನಕ. ‘ಸುಬ್ಬಯ್ಯ ಮಾಮ, ನೀವೊಂದು ಸುತ್ತು ಹೋಗಿ ಬನ್ನಿ’ ಎಂದು ಬಾಯಿಮಾತಿಗಾದರೂ ಅವನು ಹೇಳಬಹುದಿತ್ತು.

ಆ ರಾತ್ರಿ ಊಟಕ್ಕೆ ಕುಳಿತಾಗ ನಾನು ಸಾರಿಗೆ ಉಪ್ಪಿಲ್ಲ, ಅನ್ನ ಮುದ್ದೆಯಾಗಿದೆ ಎಂದೆಲ್ಲ ತೆಗೆದೆ. ನಿನ್ನ ಅಮ್ಮ ಸೌಟು ಇಟ್ಟು ನನ್ನ ಮುಖವನ್ನೇ ನೋಡಿ, ‘ಹೋಗಿ ಹೋಗಿ ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚಾ ಮಾರಾಯ್ರೆ?’ ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು, ಅರವತ್ತೊಂದರ ಗಂಡಸಿಗೆ ಅದೆಲ್ಲ ಎಂತಕ್ಕೆ ಎಂದು ರೇಗಿ ಎದ್ದುಹೋದೆ. ಅವಳು ಕೇಳಿದ್ದು ಸರಿಯಾಗಿಯೇ ಇತ್ತು, ಕೂಸೇ. ನಿನಗೆ ಇಪ್ಪತ್ತಾರು. ನನಗೆ ಇಪ್ಪತ್ತಾರಿದ್ದಾಗ ಅಂಥ ಗಾಡಿ ಈ ಜಿಲ್ಲೆಯಲ್ಲೇ ಇರಲಿಲ್ಲ.

ಇನ್ನು ತೂಕದ ಕೆಲಸ. ನೀನು ಜನವರಿಯಲ್ಲಿ ಗೆಳತಿ ದೀಪಶ್ರೀಯ ಮದುವೆಗೆ ನರಸಿಂಹರಾಜಪುರಕ್ಕೆ ಹೋದ ದಿನ ಅದನ್ನು ಮುಗಿಸಿದೆನಲ್ಲ. ‘ನಾ ಬರೋ ತನಕ ಕಾಯಿ ಅಪ್ಪಯ್ಯ, ನಾನೇ ಸೀಟಲ್ಲಿ ಕೂತ್ಕತೀನಿ’ ಎಂದು ನೀನು ಬಸ್ಸು ಹತ್ತುವಾಗಲೂ ಹೇಳಿದ್ದೆ. ಶಿವಶಂಕರಪ್ಪನವರ ಮಂಡಿಗೆ ಅವತ್ತು ರಜೆ, ನಾಲ್ಕು ತೂಕದ ಮೆಷಿನ್ನು ಒಟ್ಟಿಗೆ ಸಿಗುವುದು ಮತ್ತೆ ಯಾವಾಗಲೋ ಎಂದು ನಾನು ಶುರು ಮಾಡಿದೆ. ಶೆಡ್ಡಿನ ನೆಲ ಸಮ ಇಲ್ಲದ್ದಕ್ಕೆ ಗಾರೆಯವರ ಹಾಗೆ ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ನೋಡಿ, ಮೆಷಿನ್ನುಗಳ ಕೆಳಗೆ ಟೈಲ್ಸ್ ತುಂಡು ಕೊಟ್ಟು, ನಾಲ್ಕು ಚಕ್ರವನ್ನೂ ಒಂದೊಂದರ ಮೇಲೆ ಹತ್ತಿಸಿದೆ. ಐನೂರ ನಲವತ್ತು ಕೆ.ಜಿ.ಯ ಗಾಡಿ, ಎಂಟು ಚೀಲ ಅಡಿಕೆಯಷ್ಟು. ಇಷ್ಟು ಹಗುರದ ಗಾಡಿಯಲ್ಲಿ ಓಡಿಸುವವರ ಭಾರವೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಸೀಟಿನಲ್ಲಿ ಇಟ್ಟೇ ಸ್ಪ್ರಿಂಗಿನ ರಿಂಗುಗಳನ್ನು ತಿರುಗಿಸಿ ನಾಲ್ಕು ಮೂಲೆಯನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಒಂದು ಚಕ್ರ ನೆಲವನ್ನು ಸರಿಯಾಗಿ ಒತ್ತುವುದಿಲ್ಲ. ನೀನು ಮರುದಿನ ಬಂದು ಕೇಳಿದಾಗ, ನಿನ್ನ ತೂಕದಷ್ಟು ಅಡಿಕೆ ಚೀಲಕ್ಕೆ ತುಂಬಿ ಸೀಟಿನಲ್ಲಿಟ್ಟು ಮಾಡಿದೆ ಎಂದೆ. ನೀನು ಇನ್ನೊಂದು ಮಾತು ಕೇಳಲಿಲ್ಲ.

ಸೋಮವಾರ ನೀನು ಫೋನ್ ಮಾಡಿದ್ದೆ. ಎಡಕ್ಕೆ ತಿರುಗುವಲ್ಲೆಲ್ಲ ಬ್ರೇಕ್ ಹಾಕಿದರೆ ಎಡಗಡೆಯ ಮುಂದಿನ ಚಕ್ರ ತಿರುಗದೆ ಕಚ್ಚಿಕೊಂಡು ಹೊಗೆ ಬರುತ್ತದೆ, ಬೇಕಾದದ್ದಕ್ಕಿಂತ ಎರಡು ಸೆಕೆಂಡು ಹಿಂದೆ ಇದ್ದೀಯ, ‘ನನ್ನ ಕಾಲೇ ಸರಿ ಇಲ್ಲ ಅಪ್ಪಯ್ಯ, ಗದ್ದೆಲಿ ಓಡ್ಸಿದವ್ರಿಗೆ ಇದೆಲ್ಲ ಬರಲ್ಲ’ ಎಂದೆ. ಬರುವ ಭಾನುವಾರದ ಟ್ರ್ಯಾಕ್ ಡೇಯಲ್ಲಿ ನಿನಗೂ ಆ ಊರಿನ ಸಂತೋಷ ಎನ್ನುವವನಿಗೂ ಹತ್ತು ಹತ್ತು ಸುತ್ತು ಕೊಟ್ಟು, ಯಾರದು ಕಡಿಮೆ ಸಮಯವೋ ಅವರಿಗೇ ಈ ವರ್ಷ ಪೂರ್ತಿ ಸೀಟು ಎಂದು ಯಜ್ಞೇಶ ತೀರ್ಮಾನ ಮಾಡಿದ್ದಾನೆ ಎಂದೂ ಹೇಳಿದೆ. ಸಂತೋಷ ಗಟ್ಟಿಮುಟ್ಟಾದ ಆಳಂತೆ, ಅವನು ಓಡಿಸಿದರೆ ಚಕ್ರ ಕಚ್ಚುವುದೇ ಇಲ್ಲವಂತೆ. ಅಷ್ಟರಲ್ಲಿ ಹಿಂದಿನಿಂದ ಮೋಹಿತ್, ಗಾಡಿಯನ್ನು ಇನ್ನೊಮ್ಮೆ ತೂಕಕ್ಕೆ ಹಾಕೋಣವೇ ಎಂದು ಕೇಳಿದ್ದು ನನಗೂ ಕೇಳಿಸಿತು. ನೀನು ಅವನಿಗೆ ಏನು ಹೇಳಿದೆ ಗೊತ್ತೇ? ‘ಬೇಡ ಸರ್, ಅದು ನಮ್ಮ ಅಪ್ಪಯ್ಯ ತೂಗಿದ್ದು’ ಎಂದೆ. ಎರಡು ದಿನದಿಂದ ನನಗೆ ಸ್ಪಾನರ್ ಹಿಡಿಯಲು ಆಗುತ್ತಿಲ್ಲ. ನಿನ್ನೆ ಒಂದು ಜೀಪಿಗೆ ಡೀಸೆಲ್ ಫಿಲ್ಟರ್ ಬಿಗಿಯುವುದನ್ನೇ ಮರೆತು ಕಳಿಸಿದೆ. ಅವರು ಹಿರೇಕೊಡಿಗೆಯ ತನಕ ಹೋಗಿ ನಿಂತುಕೊಂಡು ನನ್ನ ವಂಶವನ್ನೆಲ್ಲ ನೆನೆದರು.

ಬಿಸಿಲಿನಲ್ಲಿ ನೀರು ಕುಡಿಯುತ್ತಿರು. ಯಾರು ಏನು ಅಂದರೂ ಎದೆಗುಂದಬೇಡ. ನಿನ್ನ ಕಾಲು ಎಂಥದ್ದು ಎಂದು ನನಗೆ ಗೊತ್ತು, ಏಳನೇ ಕ್ಲಾಸಿನಲ್ಲಿ ನನ್ನ ತೊಡೆಯ ಮೇಲೆ ಕುಳಿತು ಕ್ಲಚ್ ಒತ್ತಿದ ಕಾಲು ಅದು. ಶಾರದಾಂಬೆ ನಿನ್ನ ಬೆನ್ನಿಗಿರಲಿ. ಯಜ್ಞೇಶನಿಗೆ, ಮೋಹಿತನಿಗೆ ನನ್ನ ನಮಸ್ಕಾರ ಹೇಳು. ಸಂತೋಷನಿಗೂ ಹೇಳು, ಅವನದೇನು ತಪ್ಪು.

ಇಂತು ನಿನ್ನ
ಅಪ್ಪಯ್ಯ
ಸುಬ್ಬಯ್ಯ

ತಾ.ಕ.: ಯೋಗೇಶ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಮೇಲೆಯೇ ಬರೆಯಬೇಕಿತ್ತು, ಮೂರು ಸಲ ಕೈ ಬೇರೆ ಕಡೆ ಹೋಯಿತು. ಅಡಿಕೆ ಚೀಲ ಸುಳ್ಳು. ಅವತ್ತು ಸೀಟಿನಲ್ಲಿ ನಾನೇ ಕುಳಿತಿದ್ದೆ. ನಿನ್ನ ಅಮ್ಮ ಸುತ್ತ ಓಡಾಡಿ ನಾಲ್ಕು ಮೆಷಿನ್ನಿನ ನಂಬರ್ ಓದಿದಳು, ನಾನು ಇಳಿದು ರಿಂಗ್ ತಿರುಗಿಸುವುದು, ಮತ್ತೆ ಹತ್ತಿ ಕೂರುವುದು. ನೀನು ಐವತ್ತೆರಡು ಕೆ.ಜಿ., ನಾನು ಎಂಬತ್ತನಾಲ್ಕು. ‘ಕೂಸು ಇಷ್ಟು ಭಾರ ಇಲ್ಲವಲ್ಲ’ ಎಂದು ಅವಳೂ ಕೇಳಿದಳು, ನಿನಗೆ ಗೊತ್ತಾಗುವುದಿಲ್ಲ ಸುಮ್ಮನಿರು ಎಂದೆ. ಮರೆತು ಮಾಡಿದ್ದಲ್ಲ. ಗಾಡಿ ನನ್ನ ಮೈಗೆ ಸರಿಯಾಗಿ ಕೂತದ್ದು ನೋಡಿ ಬಿಚ್ಚಲು ಮನಸ್ಸು ಬರಲಿಲ್ಲ, ಹಾಗೆಯೇ ಲಾಕ್ ಬಿಗಿದುಬಿಟ್ಟೆ. ಒಂದು ಗಾಡಿಯಾದರೂ ನನ್ನ ಅಳತೆಗೆ ಇರಲಿ ಎನಿಸಿತು. ಚಕ್ರ ಕಚ್ಚುತ್ತಿರುವುದು ಅದಕ್ಕೇ, ನಿನ್ನ ಕಾಲಿನಿಂದಲ್ಲ. ಈಗಲೇ ಗಾಡಿಯನ್ನು ಮೋಹಿತನ ಮೆಷಿನ್ನುಗಳ ಮೇಲೆ ಹತ್ತಿಸು. ಹೆಲ್ಮೆಟ್ ಹಾಕಿಕೊಂಡು ನೀನೇ ಕುಳಿತುಕೋ, ನಾಲ್ಕೂ ರಿಂಗ್ ಬಿಚ್ಚಿ ಮೊದಲಿನಿಂದ ಮಾಡಲಿ, ಅವನು ಹೇಳಿದ ಹಾಗೆ ಕೇಳು. ಶುಕ್ರವಾರ, ಶನಿವಾರ ಎರಡು ದಿನ ಓಡಿಸಲು ಸಿಗುತ್ತದೆ, ಸಾಕು. ಈ ಕಾಗದವನ್ನು ಯಜ್ಞೇಶನಿಗೆ ತೋರಿಸು. ಅಪ್ಪಯ್ಯನ ಮರ್ಯಾದೆ ಎಂದು ನೀನು ಇದನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತೀಯ, ನನಗೆ ಗೊತ್ತು. ಅದಕ್ಕೇ ಎಲ್ಲವನ್ನೂ ಯೋಗೇಶನಿಗೂ ಹೇಳಿ ಕಳಿಸುತ್ತಿದ್ದೇನೆ.